ಎಡ ಪೆಟ್ಟಿಗೆಯ ಹುಬ್ಬು

ಮೇಳಗಾಯಕಿಯೊಬ್ಬಳ ಬಿಳಿ ಲಿನನ್ ಅಂಗಿಗೆ
ಕಂದು ಕಲೆ ಅಂಟಿದಾಗಲೇ ನನಗೆ ತಿಳಿದದ್ದು,
ವಿಲ್ನಿಸ್ ನನ್ನ ಇಸ್ತ್ರಿಪೆಟ್ಟಿಗೆಯನ್ನು
ನೆಲಮಾಳಿಗೆಗೆ ಒಯ್ದಿದ್ದ ಸಂಗತಿ.
ಕೇಳಿದರೆ,
“ಬಟ್ಟೆಯಾದರೇನು, ಮರವಾದರೇನು,
ಸುಕ್ಕು ಸುಕ್ಕೇ ತಾನೆ, ಸ್ಕೈದ್ರಿತೆ?”

ಮೂವತ್ತೊಂದು ವರ್ಷ ಕುಲ್ದೀಗದ ಡಿಪೋದಲ್ಲಿ
ಬಸ್ಸಿನ ಎಂಜಿನ್ನಿಗೆ ಕಿವಿ ಕೊಟ್ಟವನು.
ಕೊಟ್ಟದ್ದು ಪೂರಾ ವಾಪಸು ಬರಲಿಲ್ಲ.
ಈಗ ನಿವೃತ್ತಿಯಲ್ಲಿ
ಸ್ಪೀಕರಿನ ಪೆಟ್ಟಿಗೆ ಮಾಡುತ್ತಾನೆ, ಎರಡು,
ಸೊಂಟದೆತ್ತರ, ಒಣ ಬಿಸ್ಕತ್ತಿನ ಬಣ್ಣದ
ಒತ್ತುಹಲಗೆಯಲ್ಲಿ.
ಚಳಿಗಾಲವೆಲ್ಲ ಕೊಯ್ದ. ಮನೆಯ ಬ್ರೆಡ್ಡಿಗೂ ಧೂಳು.

ಮುಚ್ಚಿಹೋದ ಮೇಜಿನ ಕಾರ್ಖಾನೆಯಿಂದ
ಯಾರದೋ ಅಟ್ಟ ಸೇರಿ
ಅಲ್ಲಿಂದ ನಮ್ಮಲ್ಲಿಗೆ ಬಂತು ಅಕ್ರೋಟದ ವಿನಿಯರ್ ಸುರುಳಿ.
ಅಂಚೆಕಾರ್ಡಿನಷ್ಟು ದಪ್ಪ. ಉಗುರು ತಾಗಿದರೆ ಸೀಳು.
ಒಂದೇ ಕೊರಡಿನ ಅಕ್ಕಪಕ್ಕದ ಎರಡು ಹಾಳೆ:
ಪುಸ್ತಕ ಬಿಚ್ಚಿದಂತೆ ಬಿಚ್ಚಿದ,
ಎಡದ ಸುಳಿ ಬಲದ ಸುಳಿಯನ್ನು ನೋಡಿತು.
ಆಗ ಮಾತ್ರ ನನಗೂ ಇಸ್ತ್ರಿಯ ಸಿಟ್ಟು
ಸ್ವಲ್ಪ ಇಳಿಯಿತು.

ಹಲಗೆಗೂ ಅಂಟು, ಹಾಳೆಗೂ ಅಂಟು;
ಒಣಗಿದ ಮೇಲೆ ಅಂಟಿಸುವುದಂತೆ!
ಕಾಲರನ್ನು ನಾನು ಅಂಚಿನಿಂದ ನಡುವಿಗೆ ತೀಡುತ್ತೇನೆ.
ಇಲ್ಲಿ ಉಲ್ಟಾ: ನಡುವಿನಿಂದ ಅಂಚಿಗೆ,
ಒಳಗಿನ ಗಾಳಿಯನ್ನು ಹೊರಗಟ್ಟುತ್ತ, ಅವಸರವಿಲ್ಲದೆ.
ಬಿಸಿಗೆ ಕರಗಿದ ಅಂಟು ಹಿಡಿಯುವಾಗ
ಅಕ್ರೋಟ ಹಳೆಯ ಕಪಾಟಿನ ವಾಸನೆ ಬಿಟ್ಟಿತು.

“ಎಲ್ಲಾ ಕೂತಿದೆ” ಎಂದ.
ಬೆರಳಿಗೆ ಅಂಗುಸ್ತಾನ ಹಾಕಿಕೊಂಡು ಬಡಿದು ನೋಡಿದೆ:
ಟಕ್. ಟಕ್. ಟಕ್. ಟಕ್.
ಟೊಪ್.
“ಇಲ್ಲಿ ಟೊಳ್ಳು.” ಅವನಿಗೆ ಕೇಳಿಸಲಿಲ್ಲ.
ನನ್ನ ಮುಖ ನೋಡಿ ನಂಬಿದ.
ಎಳೆಯ ಗುಂಟ ಬ್ಲೇಡಿನಿಂದ ಗೀರಿ,
ಸಿರಿಂಜಿನಲ್ಲಿ ಒಂದು ತೊಟ್ಟು ಅಂಟು,
ಮೇಲೆ ಮತ್ತೆ ಇಸ್ತ್ರಿ.
ಎಳೆಗೆ ಅಡ್ಡ ಕೊಯ್ಯಬಾರದು,
ಇದು ಹೊಲಿಯುವವಳಿಗೆ ಹೇಳಿಕೊಡಬೇಕೆ.

ಭಾನುವಾರ ಮರಳುಕಾಗದ ಹಿಡಿದ.
ನುಣುಪಾಗಿತ್ತು. ಸಾಕು ಎಂದೆ.
ಇನ್ನೊಂದು ಸಲ ಎಂದ. ಇನ್ನೊಂದೇ ಸಲ.
ಎಡ ಪೆಟ್ಟಿಗೆಯ ಮೇಲಂಚಿನಲ್ಲಿ
ಮೊಣಕಾಲು ಸವೆದ ಪ್ಯಾಂಟಿನ ಹಾಗೆ
ಒಳಗಿನ ಬಿಸ್ಕತ್ತು ಇಣುಕಿತು, ಮೂರು ಬೆರಳಗಲ.
ಕಾಗದವನ್ನು ನಾಲ್ಕಾಗಿ ಮಡಿಸಿ ಜೇಬಿಗಿಟ್ಟು
ಮೆಟ್ಟಿಲ ಮೇಲೆ ಕೂತ.
ಸುರುಳಿಯಲ್ಲಿ ಬೇರೆ ಹಾಳೆಗಳಿದ್ದವು.
ಬಲಗಡೆಯದಕ್ಕೆ ಜೋಡಿ ಇರಲಿಲ್ಲ.

ಅವನು ಮಲಗಿದ ಮೇಲೆ ಇಳಿದುಹೋದೆ.
ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗನ್ನು ಒಂದು ಕೈ ಬಳಿದು,
ಆರಿದ ಮೇಲೆ
ಹುಬ್ಬಿನ ಪೆನ್ಸಿಲ್ ತೆಗೆದೆ.
ಬಲ ಪೆಟ್ಟಿಗೆಯನ್ನು ನೋಡುತ್ತ, ತಿರುವಿ ಬರೆದೆ
ಒಂದೊಂದೇ ಎಳೆ, ಒಂದು ಕಡೆ ದಟ್ಟ, ಒಂದು ಕಡೆ ತಪ್ಪಿದಂತೆ.
ಎಡ ಹುಬ್ಬನ್ನು ಬಲಕ್ಕೆ ಹೊಂದಿಸುವುದರಲ್ಲೇ
ನಲವತ್ತು ವರ್ಷ ಕನ್ನಡಿ ಸವೆಸಿದವಳು ನಾನು.
ಮೇಲೆ ಮತ್ತೆ ಅರಗು, ಒರೆಸದೆ, ತಟ್ಟಿ ತಟ್ಟಿ.
ಕೊನೆಗೆ ಜೇನುಮೇಣ, ಹಳೆಯ ದಿಂಬಿನ ಚೀಲದಲ್ಲಿ.

ವೆಂತಾ ನದಿಯ ಹಿಮ ಒಡೆದ ವಾರ
ಗುಂಡೆಗಾ, ಅವಳ ಗಂಡ, ಕಾಫಿ, ಅಕಾರ್ಡಿಯನ್ನಿನ ರೆಕಾರ್ಡು.
ವಾಲ್ಯೂಮ್ ಜಾಸ್ತಿಯೇ ಇತ್ತು.
“ಎಷ್ಟು ಸರಿಸಮ! ಕನ್ನಡಿ ಇಟ್ಟ ಹಾಗೆ!”
“ಮರವೇ ಹಾಗಿತ್ತು” ಎಂದ ವಿಲ್ನಿಸ್.
ನಾನು ಸಕ್ಕರೆ ಕದಡಿದೆ.

ಶುಕ್ರವಾರ ಮೇಳಕ್ಕೆ ಹೊರಡುವಾಗ
ಕನ್ನಡಿಯ ಕೆಳಗೆ, ನನ್ನ ಮೋಟು ಪೆನ್ಸಿಲ್ಲಿನ ಪಕ್ಕ
ಹೊಸದೊಂದು, ಅಂಗಡಿಯ ಚೀಟಿ ಸಮೇತ.
ಕೆಂಪು ಬೆರೆತ ಕಂದು.
ಅಕ್ರೋಟಕ್ಕೆ ಸರಿಯಾದ ಬಣ್ಣ, ನನಗಲ್ಲ.
ಅದನ್ನೇ ತೀಡಿಕೊಂಡು ಹೋಗಿ ಹಾಡಿದೆ.

ಇಸ್ತ್ರಿಪೆಟ್ಟಿಗೆಯ ವಿಷಯ
ಇನ್ನೂ ಯಾರೂ ಎತ್ತಿಲ್ಲ.